ದೈವತ್ವ ಕಳಚಿದ ನಾಯಕ: 'ಸಂಗ್ಯಾಬಾಳ್ಯಾ' ಸಣ್ಣಾಟದ ಆಕರ್ಷಣೆಯ ಸ್ವರೂಪ

1

ಕೊಲೆಯನ್ನು ಕೇಂದ್ರದಲ್ಲಿರಿಸಿಕೊಂಡ ಕಥನಗಳು ಎಲ್ಲ ಸಮಾಜಗಳಲ್ಲಿಯೂ ಇವೆ. ಅವುಗಳ ಜನಪ್ರಿಯತೆಗೆ ಕುತೂಹಲವೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕೊಂದವನಾರೆಂಬುದು ತಿಳಿದೊಡನೆ ಕುತೂಹಲ ತಣಿಯಬೇಕು. ಕಥನದ ಆಕರ್ಷಣೆಯೂ ಅಲ್ಲಿಗೆ ಮುಗಿಯಬೇಕು. ಆದರೆ ಬೆಳಗಾವಿ ಜಿಲ್ಲೆಯ ಬೈಲಹೊಂಗಲ ಸೀಮೆಯಲ್ಲಿ ಹುಟ್ಟಿದ 'ಸಂಗ್ಯಾಬಾಳ್ಯಾ' ಸಣ್ಣಾಟ ಈ ತಿಳಿವಳಿಕೆಯನ್ನು ಸುಳ್ಳಾಗಿಸುತ್ತದೆ. ಈ ಆಟದಲ್ಲಿ ಯಾರು ಸಾಯುತ್ತಾರೆ, ಯಾರು ಕೊಲ್ಲುತ್ತಾರೆ, ಯಾರ ಸಹಾಯದಿಂದ ಕೊಲ್ಲುತ್ತಾರೆ ಎಂಬುದೆಲ್ಲವೂ ಪ್ರೇಕ್ಷಕರಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಒಂದೂವರೆ ಶತಮಾನದುದ್ದಕ್ಕೂ ಜನ ರಾತ್ರಿಯಿಡೀ ಕುಳಿತು ಅದನ್ನು ನೋಡಿದ್ದಾರೆ. ಹಾಗಾದರೆ ಈ ಕಥನದ ಸೆಳೆತ ಎಲ್ಲಿದೆ?

ಇದೇ ಪ್ರಶ್ನೆಯನ್ನು ತೀರ ಭಿನ್ನವಾದ ಇನ್ನೊಂದು ಸಂಸ್ಕೃತಿಯ ಕೃತಿಯೂ ಎತ್ತುತ್ತದೆ. ಆಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರಿಸಿದ 'ವಾಚ್‌ಮೆನ್' 1986-87ರಲ್ಲಿ ಅಮೆರಿಕದಲ್ಲಿ ಹನ್ನೆರಡು ಸಂಚಿಕೆಗಳಾಗಿ ಹೊರಬಂದು ಬಳಿಕ ಒಂದೇ ಸಂಪುಟದ ಗ್ರಾಫಿಕ್ ಕಾದಂಬರಿಯೆಂದು ಪ್ರಸಿದ್ಧವಾಯಿತು. ಮುಖವಾಡ ತೊಟ್ಟ ಅತಿಮಾನುಷ ನಾಯಕರ ಲೋಕದಲ್ಲಿ ನಡೆಯುವ ಒಂದು ಕೊಲೆಯಿಂದ ಅದು ಆರಂಭವಾಗುತ್ತದೆ. ಮಕ್ಕಳ ಓದೆಂದು ಬಗೆಯಲಾಗಿದ್ದ ಚಿತ್ರಕಥೆಯ ಪ್ರಕಾರ ಅದರಲ್ಲಿ ವಯಸ್ಕರ ಕಥನವಾಗಿ ಮಾರ್ಪಟ್ಟಿತು. ಅದನ್ನೂ ಓದುಗರು ರಹಸ್ಯ ತಿಳಿದ ಮೇಲೆಯೂ ಮತ್ತೆ ಮತ್ತೆ ಓದುತ್ತಾರೆ. ಈ ಎರಡು ಕೃತಿಗಳ ನಡುವೆ ಯಾವ ಪ್ರಭಾವಸಂಬಂಧವೂ ಇಲ್ಲ. ಆದರೆ ಕತ್ತಲೆಯ ಕಥನವೊಂದು ವಯಸ್ಕ ಮನಸ್ಸನ್ನು ಹೇಗೆ ಹಿಡಿಯುತ್ತದೆ ಎಂಬುದನ್ನು ಅರಿಯಲು ಇವೆರಡನ್ನೂ ಎದುರುಬದುರು ಇರಿಸಿ ನೋಡುವುದು ಉಪಯುಕ್ತ.

ಸಮುದಾಯವೊಂದು ಮೊದಲೇ ಬಲ್ಲ, ಮೆಚ್ಚಿದ ನಾಯಕನ ಮಾದರಿಯಿಂದ ದೈವತ್ವವನ್ನೂ ರಕ್ಷೆಯನ್ನೂ ಕಳಚಿ, ಅವನನ್ನು ತನ್ನವರ ಕೈಯಿಂದಲೇ ಸಾಯಿಸುವುದರಲ್ಲಿ 'ಸಂಗ್ಯಾಬಾಳ್ಯಾ'ದ ಆಕರ್ಷಣೆ ಇದೆ ಎಂಬುದು ಪ್ರಸ್ತುತ ಪ್ರಬಂಧದ ವಾದ. ಈ ವಾದವನ್ನು ಆಟದ ರೂಪ, ಹೆಸರು ಹಾಗೂ ಸೀಮೆಯ ಇತರ ಕಥನಗಳ ಹಿನ್ನೆಲೆಯಲ್ಲಿ ಪರಿಶೀಲಿಸಲಾಗಿದೆ.

2

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಮಲಪ್ರಭೆಯ ಆಸುಪಾಸಿನ ನೆಲ. ಬ್ರಿಟಿಷರ ಆಡಳಿತದಲ್ಲಿ ಬೈಲಹೊಂಗಲ ಸಂಪಗಾವಿ ತಾಲ್ಲೂಕಿಗೂ, ಸವದತ್ತಿ ಪರಸಗಡ ತಾಲ್ಲೂಕಿಗೂ ಸೇರಿದ್ದವು. ರಾಮದುರ್ಗ ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿತ್ತು. ಎರೆಭೂಮಿಯ ಹತ್ತಿ, ಜೋಳ, ಅದರ ಮೇಲೆ ನಿಂತ ಪೇಟೆಯ ವ್ಯಾಪಾರ, ಊರೂರಿನ ಬಸವಣ್ಣನ ಜಾತ್ರೆ ಇವು ಈ ಭಾಗದ ಬದುಕಿನ ಸಾಮಾನ್ಯ ಲಕ್ಷಣಗಳು. ಈ ಸೀಮೆಯ ಕಥನ ಪರಂಪರೆಯನ್ನು ಒಟ್ಟಾಗಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಇಲ್ಲಿನ ನಾಲ್ಕೂ ನೆಲೆಗಳು ಒಂದೊಂದು ವಧೆಯ ನೆನಪನ್ನು ಕಾಪಾಡಿಕೊಂಡಿವೆ.

ಕಿತ್ತೂರಿನ ನೆನಪು 1824ರ ಅಕ್ಟೋಬರ್ 23ರದು. ಅಂದು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ. ಆ ಬಳಿಕ ಸಂಸ್ಥಾನ ಬಿದ್ದು, ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಅಲ್ಲಿಯೇ ಇದೆ. ಅವಳ ಪಕ್ಷದಲ್ಲಿ ನಿಂತು ಬಂಡೆದ್ದ ಸಂಗೊಳ್ಳಿಯ ರಾಯಣ್ಣನನ್ನು ನಂಬಿದವರೇ ಹಿಡಿದುಕೊಟ್ಟರು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ರಾಮದುರ್ಗ ಭಾಗದ ಸುರೇಬಾನದಲ್ಲಿ 1858ರ ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ನರಗುಂದದ ಬಾಬಾಸಾಹೇಬನ ದಂಡಿನ ಕೈಯಲ್ಲಿ ಸತ್ತ. ಅವನ ರುಂಡವನ್ನು ನರಗುಂದದ ಬಾಗಿಲಿಗೆ ಕಟ್ಟಲಾಯಿತೆಂಬುದು ಇತಿಹಾಸದಲ್ಲಿ ದಾಖಲಾಗಿದೆ. ಸವದತ್ತಿಯ ಕಥನ ಇತಿಹಾಸಕ್ಕೆ ಸೇರಿದ್ದಲ್ಲ, ಪುರಾಣಕ್ಕೆ ಸೇರಿದ್ದು. ತಂದೆಯ ಮಾತಿಗೆ ಮಗನೇ ತಾಯಿ ರೇಣುಕೆಯ ಶಿರವನ್ನು ಕಡಿದ ಕಥೆಯನ್ನು ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆಯ ಮೇಳದವರು ಹಾಡುತ್ತ ಬಂದಿದ್ದಾರೆ. ಹೊಸ್ತಿಲ ಹುಣ್ಣಿಮೆಯಲ್ಲಿ ದೇವಿಗೆ ಒದಗುವ ವೈಧವ್ಯ, ಭರತ ಹುಣ್ಣಿಮೆಯಲ್ಲಿ ಮರಳಿ ಬರುವ ಮುತ್ತೈದೆತನ ಎರಡೂ ಅಲ್ಲಿ ಆಚರಣೆಗಳಾಗಿ ಉಳಿದಿವೆ.

ಈ ಕಥನಗಳಲ್ಲಿ ಒಂದು ಸಮಾನ ಅಂಶವಿದೆ. ಇವುಗಳಲ್ಲಿ ಎಲ್ಲಿಯೂ ಮರಣ ಕೊನೆಯ ಮಾತಲ್ಲ. ರೇಣುಕೆ ಮರಳಿ ಜೀವ ಪಡೆಯುತ್ತಾಳೆ, ಎಲ್ಲಮ್ಮನಾಗಿ ಪೂಜೆಗೊಳ್ಳುತ್ತಾಳೆ. ರಾಯಣ್ಣನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳ ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ. ಗಲ್ಲಿಗೇರಿದವನು ಸಂತಾನ ಕರುಣಿಸುವ ಶಕ್ತಿಯಾಗಿದ್ದಾನೆ. ಚೆನ್ನಮ್ಮ ನಾಡಿನ ತಾಯಿಯಾಗಿದ್ದಾಳೆ. ವಧೆಯಾದವರನ್ನು ದೈವವನ್ನಾಗಿಯೋ ವೀರರನ್ನಾಗಿಯೋ ಮರಳಿ ಪಡೆಯುವುದು ಈ ಸೀಮೆಯ ಕಥನವಿಧಾನ. 'ಸಂಗ್ಯಾಬಾಳ್ಯಾ' ಈ ವಿಧಾನವನ್ನು ಮುರಿಯುತ್ತದೆ. ಸಂಗ್ಯಾ ಸತ್ತು ದೈವವಾಗುವುದಿಲ್ಲ, ವೀರನಾಗುವುದೂ ಇಲ್ಲ, ಸತ್ತವನಾಗಿಯೇ ಉಳಿಯುತ್ತಾನೆ. ಅವನ ಕಥೆಯನ್ನು ಆಚರಣೆಯೊಂದು ಪೂರ್ಣಗೊಳಿಸದ ಕಾರಣ ಅದನ್ನು ಮತ್ತೆ ಮತ್ತೆ ಆಡಬೇಕಾಗುತ್ತದೆ.

3

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಬೈಲಹೊಂಗಲ ಭಾಗದಲ್ಲಿ ನಡೆದ ನಿಜವಾದ ಕೊಲೆಯೊಂದು ಈ ಆಟಕ್ಕೆ ಮೂಲವೆಂದು ವಿದ್ವಾಂಸರು ಗುರುತಿಸಿದ್ದಾರೆ. ಆಟವನ್ನು ಕಟ್ಟಿದವನು ಪತ್ತಾರ ಮಾಸ್ತರನೆಂದು ಪರಂಪರೆ ಹೇಳುತ್ತದೆ. ಇದೇ ಘಟನೆ ಲಾವಣಿಯಾಗಿಯೂ ಹಬ್ಬಿತ್ತು. ಮುಂಬಯಿ ಆಧಿಪತ್ಯದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟ್ 1880ರ ದಶಕದಿಂದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳ ಸಾಲಿನಲ್ಲಿ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಇವರ ಜೊತೆಗೆ ಸಂಗ್ಯಾನಿಗೂ ಸ್ಥಾನ ದೊರಕಿತು. ಬಂಡಾಯಗಾರನನ್ನೂ ಪರಸತಿಗೆ ಮನಸೋತವನನ್ನೂ ಒಂದೇ ಸಾಲಿನಲ್ಲಿ ಇರಿಸಿದ್ದು ಸಂಗ್ರಾಹಕನ ಆಯ್ಕೆ ಮಾತ್ರವಲ್ಲ. ಹಾಡುವವರಿಗೂ ಕೇಳುವವರಿಗೂ ಇವೆರಡೂ ಒಂದೇ ರೂಪದಲ್ಲಿ ಹಾಡಿಸಿಕೊಳ್ಳಬಲ್ಲ ವಸ್ತುಗಳಾಗಿದ್ದವು ಎಂಬುದಕ್ಕೆ ಅದು ಸಾಕ್ಷಿ.

ಪಾಠಾಂತರಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ಕಥೆಯ ಹಂದರ ಸ್ಥಿರವಾಗಿದೆ. ಸಂಗ್ಯಾ ಹಣವಂತ, ಹರೆಯದವನು. ಬಾಳ್ಯಾ ಅವನ ಜೀವದ ಗೆಳೆಯ. ವ್ಯಾಪಾರಿ ಈರಪಕ್ಷಿಯ ಹೆಂಡತಿ ಗಂಗಿಯನ್ನು ಸಂಗ್ಯಾ ಜಾತ್ರೆಯಲ್ಲಿ ಕಂಡು ಮನಸೋಲುತ್ತಾನೆ. ಈರಪಕ್ಷಿ ವ್ಯಾಪಾರಕ್ಕೆಂದು ಊರು ಬಿಟ್ಟಿದ್ದಾಗ ಬಾಳ್ಯಾನ ನೆರವಿನಿಂದಲೂ ಒಬ್ಬ ಮುದುಕಿಯ ಮಧ್ಯಸ್ಥಿಕೆಯಿಂದಲೂ ಸಂಬಂಧ ಬೆಳೆಯುತ್ತದೆ. ಮೊದಲು ಒಲ್ಲೆನೆಂದ ಗಂಗಿ ಬಳಿಕ ಒಲಿಯುತ್ತಾಳೆ. ಸಂಗತಿ ತಿಳಿದ ಗಂಡನೂ ಅವನ ಬಂಧುಗಳೂ ಸಂಗ್ಯಾನನ್ನು ಮುಗಿಸಲು ನಿಶ್ಚಯಿಸಿ ಬಾಳ್ಯಾನನ್ನೇ ಒಲಿಸಿಕೊಳ್ಳುತ್ತಾರೆ. ಗೆಳೆಯನನ್ನು ನಂಬಿ ಬಂದ ಸಂಗ್ಯಾ ಕೊಲೆಯಾಗುತ್ತಾನೆ.

ಈ ವಸ್ತು ಸಣ್ಣಾಟದ ರೂಪ ಪಡೆದದ್ದು ಅರ್ಥಪೂರ್ಣವಾಗಿದೆ. ಉತ್ತರ ಕರ್ನಾಟಕದ ಬಯಲಾಟಗಳಲ್ಲಿ ದೊಡ್ಡಾಟ ಪುರಾಣದ ವಸ್ತುವಿನದು. ಕಿರೀಟ, ಭುಜಕೀರ್ತಿ, ಎದೆಹಾರಗಳ ಭಾರದ ವೇಷ, ಗ್ರಾಂಥಿಕದತ್ತ ಬಾಗಿದ ಮಾತು, ರಣದ ಕುಣಿತ. ಪಾತ್ರ ರಂಗಕ್ಕೆ ಬಂದೊಡನೆ ತನ್ನ ಬಿರುದುಬಾವಲಿಗಳನ್ನು ಹೇಳಿಕೊಳ್ಳುತ್ತದೆ. ಸಣ್ಣಾಟದಲ್ಲಿ ಇವೆಲ್ಲವೂ ಕಳಚಿ ಬೀಳುತ್ತವೆ. ಪಾತ್ರಗಳು ನಿತ್ಯದ ಧೋತರ, ರುಮಾಲು, ಸೀರೆಗಳಲ್ಲಿ ಬರುತ್ತವೆ. ನೋಡುತ್ತಿರುವವರು ಆಡುವ ಕನ್ನಡದಲ್ಲಿಯೇ ಆಡುತ್ತವೆ. ದೊಡ್ಡಾಟವನ್ನು ಕಂಡುಂಡ ಕಣ್ಣಿಗೆ ಸಣ್ಣಾಟದ ನಾಯಕ ವೇಷವಿಲ್ಲದ ನಾಯಕನಾಗಿ ಕಾಣುತ್ತಾನೆ. ಕಿರೀಟವಿದ್ದವನಿಗೆ ಬಾಣ ತಾಗಿದರೆ ಅದು ಪುರಾಣ. ರುಮಾಲಿನವನಿಗೆ ಕೊಡಲಿಯೇಟು ಬಿದ್ದರೆ ಅದು ನೆರೆಮನೆಯ ಸುದ್ದಿ. ಒಂದೇ ಬಯಲು, ಒಂದೇ ಅಟ್ಟ, ಒಂದೇ ಹಿಮ್ಮೇಳ. ಆದರೆ ಮರಣದ ತೂಕ ಬೇರೆ. ಸಣ್ಣಾಟವನ್ನು ದೊಡ್ಡಾಟದ ಕಿರಿದಾದ ರೂಪವೆಂದು ಕಾಣುವ ವಾಡಿಕೆಗಿಂತ, ದೊಡ್ಡಾಟಕ್ಕೆ ಪ್ರಶ್ನೆಯಾಗಿ ನಿಂತ ರೂಪವೆಂದು ಓದುವುದು ಈ ಕಾರಣದಿಂದ ಹೆಚ್ಚು ಸಮಂಜಸ.

4

ಆಟದ ಹೆಸರು ಇನ್ನೊಂದು ಮುಖ್ಯ ಸುಳಿವನ್ನು ನೀಡುತ್ತದೆ. ಪ್ರಣಯವೇ ಈ ಕಥೆಯ ಜೀವವಾಗಿದ್ದರೆ ಹೆಸರು 'ಸಂಗ್ಯಾಗಂಗಿ' ಎಂದಿರಬೇಕಿತ್ತು. ಕೊಲೆಯೇ ಜೀವವಾಗಿದ್ದರೆ ಸಂಗ್ಯಾನ ಜೊತೆಗೆ ಈರಪಕ್ಷಿಯ ಹೆಸರು ಸೇರಬೇಕಿತ್ತು. ಜನ ಉಳಿಸಿಕೊಂಡದ್ದು ದ್ರೋಹಕ್ಕೊಳಗಾದವನ ಮತ್ತು ದ್ರೋಹ ಬಗೆದವನ ಹೆಸರುಗಳನ್ನು. ಅದೂ ಬಿಡಿಸಲಾಗದ ಒಂದೇ ಸಮಾಸಪದವಾಗಿ. ಉತ್ತರ ಕರ್ನಾಟಕದಲ್ಲಿ ಅಗಲದ ಗೆಳೆಯರಿಬ್ಬರನ್ನು ಕಂಡು 'ಸಂಗ್ಯಾಬಾಳ್ಯಾ' ಎನ್ನುವ ರೂಢಿ ಇಂದಿಗೂ ಇದೆ. ಗೆಳೆತನವನ್ನು ಹೊಗಳುವ ಮಾತಿನ ಒಳಗೇ ಗೆಳೆತನದ ಕೊಲೆಯೂ ಅಡಗಿದೆ. ಈ ಇಬ್ಬಗೆಯನ್ನು ಭಾಷೆ ಸಹಜವಾಗಿ ಒಪ್ಪಿಕೊಂಡಿದೆ.

ಹೆಸರುಗಳ ಕೊನೆಯ ಪ್ರತ್ಯಯವೂ ಗಮನಾರ್ಹ. ಸಂಗಪ್ಪ, ಬಾಳಪ್ಪ ಎಂಬ ಗೌರವದ ರೂಪಗಳು ಇಲ್ಲಿ ಸಂಗ್ಯಾ, ಬಾಳ್ಯಾ ಎಂದಾಗಿವೆ, ಗಂಗವ್ವ ಗಂಗಿಯಾಗಿದ್ದಾಳೆ. ಇದೇ ಸೀಮೆ ತನ್ನ ಬಂಡಾಯಗಾರನನ್ನು ರಾಯಣ್ಣನೆಂದೂ ರಾಣಿಯನ್ನು ಚೆನ್ನಮ್ಮನೆಂದೂ ಕರೆಯಿತು. 'ಅಣ್ಣ', 'ಅಮ್ಮ' ಎಂಬ ಬಂಧುತ್ವದ ಗೌರವ ಇತಿಹಾಸದ ನಾಯಕರಿಗೆ ಸಂದಿದೆ. 'ಯಾ' ಎಂಬ ಏಕವಚನ ಸಣ್ಣಾಟದ ನಾಯಕನಿಗೆ ಸಂದಿದೆ. ಆದರೆ ಈ ಏಕವಚನ ಬರಿಯ ತಿರಸ್ಕಾರದ್ದಲ್ಲ. ಹಳ್ಳಿಯಲ್ಲಿ ಸಮವಯಸ್ಕರು ಒಬ್ಬರನ್ನೊಬ್ಬರು ಕರೆದುಕೊಳ್ಳುವುದೂ ಹೀಗೆಯೇ. ನೋಡುವವರು ರಾಯಣ್ಣನನ್ನು ತಲೆಯೆತ್ತಿ ನೋಡುತ್ತಾರೆ, ಸಂಗ್ಯಾನನ್ನು ಸಮಕ್ಕೆ ನೋಡುತ್ತಾರೆ. ಸಮಕ್ಕೆ ಕಂಡವನ ಪತನದಲ್ಲಿ ತಮ್ಮ ಪಾಲನ್ನೂ ಕಾಣಬಲ್ಲವರು ವಯಸ್ಕರು. ಅವರು ಗೆಳೆಯನನ್ನು ನಂಬಿ ಸಾಲ ಕೊಟ್ಟವರು, ವ್ಯಾಪಾರಕ್ಕೆಂದು ಮನೆ ಬಿಟ್ಟು ಹೋಗಿ ಬಂದವರು, ಊರಿನ ಮಾತಿಗೆ ಅಂಜಿದವರು.

ರಾಯಣ್ಣನ ಕಥೆ ಮತ್ತು ಸಂಗ್ಯಾನ ಕಥೆಗಳ ಆಕೃತಿಯನ್ನು ಹೋಲಿಸಿದಾಗ ಈ ಸಂಬಂಧ ಇನ್ನಷ್ಟು ಸ್ಪಷ್ಟವಾಗುತ್ತದೆ. ರಾಯಣ್ಣನನ್ನು ಕಾಳಗದಲ್ಲಿ ಸೋಲಿಸಲಾಗಲಿಲ್ಲ. ಅವನ ಪಡೆಯೊಳಗೆ ನಂಬಿಕಸ್ಥರ ಸೋಗಿನಲ್ಲಿ ಸೇರಿದವರು, ಆಯುಧ ಕೈಯಲ್ಲಿಲ್ಲದ ವೇಳೆ ನೋಡಿ, ಹಳ್ಳದಲ್ಲಿ ಮೀಯುತ್ತಿದ್ದಾಗ ಹಿಡಿದರೆಂದು ಪರಂಪರೆ ಹೇಳುತ್ತದೆ. ಸಂಗ್ಯಾನನ್ನೂ ಗೆಳೆಯನ ಮಾತಿನಿಂದಲೇ ಬಯಲಿಗೆ ತರಲಾಯಿತು. ಎರಡೂ ಕಥನಗಳಲ್ಲಿ ವೈರಿ ಒಬ್ಬನೇ ಏನನ್ನೂ ಮಾಡಲಾರ. ಅವನಿಗೆ ಒಳಗಿನವನ ಸಹಾಯ ಬೇಕು. 'ಕೊಂದವನಾರು' ಎಂಬುದು ಈ ಸೀಮೆಯ ಪ್ರಶ್ನೆಯೇ ಅಲ್ಲ. 'ಕೊಟ್ಟವನಾರು' ಎಂಬುದು ಅದರ ಪ್ರಶ್ನೆ. ಕಿತ್ತೂರಿನ ಪತನವನ್ನೂ ಜನ ಒಳಗಿನವರ ದ್ರೋಹದ ಕಥೆಯಾಗಿಯೇ ನೆನಪಿಟ್ಟುಕೊಂಡಿದ್ದಾರೆ. ಸಂಸ್ಥಾನವೊಂದರ ಸೋಲನ್ನು ಹೀಗೆ ಅರ್ಥೈಸಿಕೊಂಡ ಸಮುದಾಯ ಕೆಲವು ದಶಕಗಳ ಬಳಿಕ ಪೇಟೆಯ ಒಂದು ಕೊಲೆಯನ್ನೂ ಅದೇ ಆಕೃತಿಯಲ್ಲಿ ಕೇಳಿಸಿಕೊಂಡಿತು. ವ್ಯತ್ಯಾಸವಿಷ್ಟೆ: ರಾಯಣ್ಣನ ಮರಣಕ್ಕೆ ನಾಡು ಎಂಬ ಕಾರಣವಿತ್ತು, ಸಂಗ್ಯಾನ ಮರಣಕ್ಕೆ ಅಂಥ ಸಮಾಧಾನವಿಲ್ಲ.

5

ಸಂಗ್ಯಾನ ಹಿಂದೆ ಇನ್ನೊಬ್ಬ ನಾಯಕನ ನೆರಳೂ ಇದೆ. ಅವನು ಭಾದ್ರಪದದ ಜೋಕುಮಾರ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗಣಪತಿಯ ಹಬ್ಬದ ಬೆನ್ನಿಗೆ ಹುಟ್ಟುವ ಈ ಮಣ್ಣಿನ ದೇವರನ್ನು ಅಂಬಿಗ ಸಮುದಾಯದ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುತ್ತಾರೆ. ಅವನ ತುಟಿಗೆ ಬೆಣ್ಣೆ ಹಚ್ಚುತ್ತಾರೆ, ಕಾಳುಕಡಿ ಪಡೆಯುತ್ತಾರೆ, ಅವನ ಹುಟ್ಟು, ಪುಂಡಾಟ, ಸಾವುಗಳನ್ನು ಹಾಡುತ್ತಾರೆ. ಅವನ ಆಯುಷ್ಯ ಏಳು ದಿನ. ಕಂಡ ಹೆಣ್ಣಿಗೆ ಕೈಚಾಚಿದ ತಪ್ಪಿಗೆ ಅಗಸರ ಕೈಯಲ್ಲಿ ಅವನ ವಧೆಯಾಗುತ್ತದೆ. ಆ ಮರಣದಿಂದ ಮಳೆಬೆಳೆ ಕೂಡಿಬರುತ್ತದೆಂಬ ನಂಬಿಕೆ ಇದೆ. ಪರಸತಿಯನ್ನು ಬಯಸಿದ ಹರೆಯದವನು, ಅವನ ವಧೆ, ಅವನಿಗಾಗಿ ಹೆಂಗಸರ ಹಾಡು ಎಂಬ ಹಂದರವನ್ನು ಈ ಸೀಮೆಯ ಪ್ರೇಕ್ಷಕರು ಸಣ್ಣಾಟ ನೋಡುವುದಕ್ಕೆ ಮೊದಲೇ ಬಲ್ಲರು. ಸಂಗ್ಯಾ ದೈವತ್ವ ಕಳಚಿದ ಜೋಕುಮಾರ. ಅವನೂ ಹರೆಯದ ಮದದಲ್ಲಿಯೇ ಕೆಡುತ್ತಾನೆ, ಅವನೂ ಕೊಲ್ಲಲ್ಪಡುತ್ತಾನೆ. ಆದರೆ ಅವನ ಸಾವಿನಿಂದ ಮಳೆ ಬರುವುದಿಲ್ಲ. ಮರುವರ್ಷ ಅವನು ಮಣ್ಣಿನಿಂದ ಮತ್ತೆ ಹುಟ್ಟುವುದಿಲ್ಲ.

ಈ ಸಂಬಂಧದ ಸತ್ಯಕ್ಕೆ ಆಧುನಿಕ ರಂಗಭೂಮಿಯೇ ಪುರಾವೆ ಒದಗಿಸಿದೆ. ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು 'ಸಂಗ್ಯಾಬಾಳ್ಯಾ'ವನ್ನು ಸಂಪಾದಿಸಿದವರು. ಅದೇ ವಸ್ತುವನ್ನು 'ಸಾಂಗ್ಯಾ ಬಾಳ್ಯಾ ಅನಬೇಕೋ ನಾಡೊಳಗ' ಎಂಬ ನಾಟಕವಾಗಿ ಪುನರ್ರಚಿಸಿದವರು. 1972ರ ಅವರ 'ಜೋಕುಮಾರಸ್ವಾಮಿ'ಯಲ್ಲಿ ಗೌಡನ ಹೆಂಡತಿಯೊಡನೆ ಸಂಬಂಧ ಬೆಳೆಸಿದ ಬಸಣ್ಣ ಗೌಡನ ಕಡೆಯವರಿಂದ ಕೊಲೆಯಾಗುತ್ತಾನೆ. ಹಂದರ ಸಣ್ಣಾಟದ್ದೇ. ಆದರೆ ಬಸಣ್ಣನ ಸಾವಿಗೆ ಫಲವಂತಿಕೆಯ ಆಚರಣೆಯ ಅರ್ಥವೂ ಉಳುವವನ ಹಕ್ಕಿನ ಅರ್ಥವೂ ಕೂಡಿಕೊಳ್ಳುತ್ತವೆ. ಸಣ್ಣಾಟ ಕಸಿದುಕೊಂಡಿದ್ದ ದೈವತ್ವವನ್ನು ಈ ನಾಟಕ ಮರಳಿ ಕೊಡುತ್ತದೆ. ರಂಗಕೃತಿಯಾಗಿ 'ಜೋಕುಮಾರಸ್ವಾಮಿ'ಯ ಹಿರಿಮೆ ನಿರ್ವಿವಾದ. ಆದರೂ ಕತ್ತಲೆಯ ವಿಷಯದಲ್ಲಿ ಪತ್ತಾರ ಮಾಸ್ತರನ ಆಟವೇ ಹೆಚ್ಚು ನಿರ್ದಾಕ್ಷಿಣ್ಯವಾದುದು. ಅದು ಕೊಲೆಯಾದವನಿಗೆ ಯಾವ ದೊಡ್ಡ ಅರ್ಥವನ್ನೂ ಆರೋಪಿಸುವುದಿಲ್ಲ.

'ವಾಚ್‌ಮೆನ್' ಕೃತಿಯೊಡನೆ ಹೋಲಿಕೆ ಪ್ರಸ್ತುತವಾಗುವುದು ಇಲ್ಲಿಯೇ. 1938ರಲ್ಲಿ ಸೂಪರ್‌ಮ್ಯಾನ್, 1939ರಲ್ಲಿ ಬ್ಯಾಟ್‌ಮನ್ ಕಾಣಿಸಿಕೊಂಡಂದಿನಿಂದ ಅಮೆರಿಕದ ಎರಡು ಮೂರು ತಲೆಮಾರುಗಳು ಅತಿಮಾನುಷ ನಾಯಕರ ಕಥೆಗಳೊಂದಿಗೆ ಬೆಳೆದವು. ಆ ನಾಯಕರಿಗೆ ಮುಪ್ಪಿರಲಿಲ್ಲ; ಅವರ ನ್ಯಾಯದ ಬಗೆಗೆ ಸಂಶಯವೂ ಇರಲಿಲ್ಲ. ಆಲನ್ ಮೂರ್ ಆ ನಾಯಕರ ಮಾದರಿಗಳನ್ನೇ ತೆಗೆದುಕೊಂಡು, ಅವರಿಗೆ ಮುಪ್ಪು, ಸೊಕ್ಕು, ಸೋಲು, ಅಪರಾಧಗಳನ್ನು ಕೊಟ್ಟ. 'ಕಾಮೆಡಿಯನ್' ಎಂಬ ಹೆಸರಿನ ನಾಯಕ ಎಡ್ವರ್ಡ್ ಬ್ಲೇಕ್‌ನನ್ನು ಕಿಟಕಿಯಿಂದ ಎಸೆದು ಕೊಲ್ಲಲಾಗುತ್ತದೆ. ಮುಖವಾಡ ಕಳಚಲೊಪ್ಪದ ರೋರ್ಶಾಕ್ ಆ ಕೊಲೆಯ ಜಾಡು ಹಿಡಿದು ಹೊರಡುತ್ತಾನೆ. ಕೊಂದವನು ಹೊರಗಿನ ವೈರಿಯಲ್ಲ, ಅವರ ಜೊತೆಗಾರನೇ ಆಗಿದ್ದ ಏಡ್ರಿಯನ್ ವೈಟ್ ಎಂಬುದು ಕೊನೆಗೆ ತಿಳಿಯುತ್ತದೆ. ಅಲ್ಲಿಯೂ ಪ್ರಶ್ನೆ 'ಕೊಟ್ಟವನಾರು' ಎಂಬುದೇ.

ಎರಡೂ ಕೃತಿಗಳು ಕೇಳುಗರ ಅಥವಾ ಓದುಗರ ಪೂರ್ವಸ್ಮೃತಿಯ ಮೇಲೆ ನಿಂತಿವೆ. ಸೂಪರ್‌ಮ್ಯಾನ್‌ನನ್ನು ಅರಿಯದವನಿಗೆ ಬ್ಲೇಕ್‌ನ ಸಾವು ಒಂದು ಅಪರಾಧದ ವರದಿ. ಜೋಕುಮಾರನನ್ನೂ ದೊಡ್ಡಾಟದ ವೀರರನ್ನೂ ಅರಿಯದವನಿಗೆ ಸಂಗ್ಯಾನ ಸಾವು ಒಂದು ಜಾರತನದ ಸುದ್ದಿ. ಅರಿತವನಿಗೆ ಮಾತ್ರ ಅದು ನಾಯಕತ್ವದ ಕಲ್ಪನೆಯೇ ಬಯಲಾಗುವ ಗಳಿಗೆ. 'ವಯಸ್ಕರ ಕಥನ' ಎಂಬ ಮಾತಿಗೆ ಈ ಹಿನ್ನೆಲೆಯಲ್ಲಿ ಬೇರೊಂದು ಅರ್ಥ ಒದಗುತ್ತದೆ. ಶೃಂಗಾರ, ರಕ್ತಪಾತಗಳಿರುವುದರಿಂದ ಕಥನವೊಂದು ವಯಸ್ಕರದಾಗುವುದಿಲ್ಲ. ಒಂದು ಕಥೆಯನ್ನು ನಂಬಿ ಬೆಳೆದು, ಅದು ಒಡೆಯುವುದನ್ನು ತಾಳಬಲ್ಲ ಪ್ರಾಯ ಬಂದವರಿಗಾಗಿ ಇರುವುದರಿಂದ ಆಗುತ್ತದೆ. ಸಣ್ಣಾಟಗಳ ಮೇಲೆ ಹಿಂದಿನಿಂದಲೂ ಹೊರಿಸುತ್ತ ಬಂದಿರುವ ಅಶ್ಲೀಲತೆಯ ಆಕ್ಷೇಪ ಈ ವ್ಯತ್ಯಾಸವನ್ನು ಗಮನಿಸಿಲ್ಲ.

ಎರಡು ಕೃತಿಗಳ ನಡುವೆ ಒಂದು ಮೂಲಭೂತ ವ್ಯತ್ಯಾಸವೂ ಇದೆ. 'ವಾಚ್‌ಮೆನ್'ನಲ್ಲಿ ಸತ್ಯವನ್ನು ಲೋಕದಿಂದ ಮುಚ್ಚಿಡಲಾಗುತ್ತದೆ; ಅದು ರೋರ್ಶಾಕ್‌ನ ದಿನಚರಿಯಲ್ಲಿ ಮಾತ್ರ ಉಳಿದು, ಪತ್ರಿಕಾ ಕಚೇರಿಯೊಂದರಲ್ಲಿ ಓದುವವರಿಗಾಗಿ ಕಾಯುತ್ತದೆ. 'ಸಂಗ್ಯಾಬಾಳ್ಯಾ'ದಲ್ಲಿ ಮುಚ್ಚಿಡಲು ಏನೂ ಇಲ್ಲ, ಊರಿಗೆಲ್ಲ ಗೊತ್ತು. ಒಂದರ ಓದುಗ ಒಂಟಿಯಾಗಿ ಕುಳಿತು ಚೌಕಟ್ಟುಗಳ ನಡುವಿನ ಸುಳಿವುಗಳನ್ನು ಕೂಡಿಸುತ್ತಾನೆ. ಇನ್ನೊಂದರ ಪ್ರೇಕ್ಷಕ ಊರಿನ ಜೊತೆ ಕುಳಿತು, ಬಾಳ್ಯಾನ ಮಾತಿಗೆ ಸಂಗ್ಯಾ ಹೊರಟಾಗ ತಡೆಯಲಾರದೆ ನೋಡುತ್ತಾನೆ. ರಹಸ್ಯದ ಬದಲಿಗೆ ಇಲ್ಲಿರುವುದು ಅಸಹಾಯಕವಾದ ಅರಿವು. ಬಲ್ಲವನಾಗಿದ್ದೂ ತಡೆಯಲಾಗದ ಈ ಸ್ಥಿತಿ ಪ್ರೇಕ್ಷಕನನ್ನು ಸಾಕ್ಷಿಯನ್ನಾಗಿ ಮಾಡುತ್ತದೆ. ಆಟದ ಅತ್ಯಂತ ಬಲವಾದ ಪರಿಣಾಮವಿದು.

6

ಸಾಕ್ಷಿ ಎಂದೊಡನೆ ನ್ಯಾಯದ ಪ್ರಶ್ನೆ ಬರುತ್ತದೆ. ಈ ಆಟ ಬೆಳೆದುಬಂದ ಕಾಲಘಟ್ಟವೂ ವಸಾಹತುಶಾಹಿ ನ್ಯಾಯಪದ್ಧತಿ ಬೇರೂರಿದ ಕಾಲಘಟ್ಟವೂ ಒಂದೇ. 1857ರಲ್ಲಿ ಜನರ ಕೈಯ ಆಯುಧಗಳನ್ನು ಕಸಿಯುವ ಕಾನೂನು ಬಂದು ಹಲಗಲಿಯ ಬೇಡರು ದಂಗೆಯೆದ್ದರು. 1860ರಲ್ಲಿ ರೂಪುಗೊಂಡ ಭಾರತೀಯ ದಂಡಸಂಹಿತೆ 1862ರ ಜನವರಿ 1ರಿಂದ ಜಾರಿಗೆ ಬಂತು. ತೀವ್ರವಾದ ಹಠಾತ್ ಪ್ರಚೋದನೆಯಿಂದ ನಡೆದ ವಧೆಯನ್ನು ಅದು ಕೊಲೆಯಿಂದ ಬೇರ್ಪಡಿಸಿತು. ವ್ಯಭಿಚಾರವನ್ನು ಗಂಡನ ವಿರುದ್ಧ ಪರಪುರುಷ ಎಸಗಿದ ಅಪರಾಧವೆಂದು ನಿರೂಪಿಸಿತು. ಹೆಂಡತಿ ಆ ಅಪರಾಧದಲ್ಲಿ ಪಾಲುಗಾರಳೂ ಅಲ್ಲ, ದೂರುದಾರಳೂ ಅಲ್ಲ. ಅವಳ ಮನಸ್ಸು ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಆ 497ನೆಯ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್‌ನಲ್ಲಿ ಅಸಿಂಧುಗೊಳಿಸಿತು. 2024ರ ಜುಲೈ 1ರಂದು ಇಡೀ ದಂಡಸಂಹಿತೆಯ ಸ್ಥಾನವನ್ನು ಭಾರತೀಯ ನ್ಯಾಯ ಸಂಹಿತೆ ಪಡೆಯಿತು.

ಈ ಕಾನೂನಿನ ಪಕ್ಕದಲ್ಲಿಟ್ಟು ನೋಡಿದಾಗ ಸಣ್ಣಾಟದ ಬಲ, ದೌರ್ಬಲ್ಯಗಳೆರಡೂ ತಿಳಿಯುತ್ತವೆ. ಆಟದ ಬಲವೆಂದರೆ, ಈರಪಕ್ಷಿಯ ಕಡೆಯವರ ಕೃತ್ಯಕ್ಕೆ ಅದು ಹಠಾತ್ ಕೋಪದ ನೆಪವನ್ನು ಕೊಡುವುದಿಲ್ಲ. ಅವರು ಯೋಚಿಸುತ್ತಾರೆ, ಗೆಳೆಯನನ್ನು ಕೊಳ್ಳುತ್ತಾರೆ, ವೇಳೆ ಗೊತ್ತುಮಾಡುತ್ತಾರೆ. ಮಾನದ ಹೆಸರಿನಲ್ಲಿ ನಡೆದದ್ದು ಒಂದು ವ್ಯವಹಾರವಾಗಿತ್ತು ಎಂಬುದನ್ನು ಆಟ ಮರೆಮಾಚುವುದಿಲ್ಲ. ಪೇಟೆಯ ಪ್ರೇಕ್ಷಕರಿಗೆ ಈ ಕೊಡುಕೊಳ್ಳುವಿಕೆಯ ಭಾಷೆ ಚೆನ್ನಾಗಿ ಗೊತ್ತಿತ್ತು. ಪರಸತಿಯ ಮೋಹದಿಂದ ಕೆಡುಕು ಎಂಬ ನೀತಿಪಾಠವಾಗಿ ಆಟವನ್ನು ಓದುವವರು ಈ ಅಂಶವನ್ನು ಬಿಟ್ಟುಬಿಡುತ್ತಾರೆ. ನೀತಿಯಷ್ಟೇ ಉದ್ದೇಶವಾಗಿದ್ದರೆ ಗಂಡನ ಕೈಯಿಂದ ಸಾವು ಸಾಕಿತ್ತು. ಬಾಳ್ಯಾನ ಅಗತ್ಯವೇ ಇರಲಿಲ್ಲ.

ದೌರ್ಬಲ್ಯವಿರುವುದು ಗಂಗಿಯ ವಿಷಯದಲ್ಲಿ. ಅವಳು ಒಲ್ಲೆನೆನ್ನುವಾಗಲೂ ಒಲಿಯುವಾಗಲೂ ಆಟ ಅವಳಿಗೆ ಧಾರಾಳವಾಗಿ ಹಾಡು ಕೊಡುತ್ತದೆ. ಅವಳ ಆಸೆ, ಅಂಜಿಕೆಗಳು ರಂಗದ ಮೇಲೆ ನಿಜವಾಗುತ್ತವೆ. ಈ ಮಟ್ಟಿಗೆ ಸಣ್ಣಾಟ ಅಂದಿನ ಕಾನೂನಿಗಿಂತ ಮುಂದಿದೆ. ಹೆಣ್ಣಿಗೊಂದು ಮನಸ್ಸಿದೆಯೆಂದು ಅದು ಒಪ್ಪುತ್ತದೆ. ಆದರೆ ಸಂಚು ಮೊದಲಾದೊಡನೆ ಕಥೆ ಗಂಡಸರ ನಡುವಿನದಾಗುತ್ತದೆ, ಗಂಗಿ ಅಂಚಿಗೆ ಸರಿಯುತ್ತಾಳೆ. ಅವಳ ಮುಂದಿನ ಬದುಕಿನ ಬಗೆಗೆ ಆಟಕ್ಕೆ ಆಸಕ್ತಿಯಿಲ್ಲ. ಕಾನೂನು ಅವಳನ್ನು ಮೊದಲೇ ಬಿಟ್ಟಿತು, ಆಟ ಕೊನೆಯಲ್ಲಿ ಬಿಟ್ಟಿತು. 'ವಾಚ್‌ಮೆನ್' ಕೃತಿಯ ಮೇಲೂ ಇಂಥದೇ ಆಕ್ಷೇಪ ಸಾಧ್ಯ. ಬ್ಲೇಕ್‌ನಿಂದ ಹಲ್ಲೆಗೊಳಗಾದ ಸ್ಯಾಲಿ ಜುಪಿಟರ್‌ಳ ಅನುಭವ, ಅವನ ಕೊಲೆಯ ಜಾಡಿನಷ್ಟು ಅವಧಾನವನ್ನು ಪಡೆಯುವುದಿಲ್ಲ. ನಾಯಕನ ಮುಖವಾಡ ಕಳಚುವ ಕಥನಗಳು ಗಂಡಸಿನ ಗಾಯವನ್ನೇ ಕೇಂದ್ರವಾಗಿಸಿಕೊಳ್ಳುವುದು ಈ ಪ್ರಕಾರದ ಮಿತಿಯೆನ್ನಬೇಕು.

ಸವದತ್ತಿಯ ರೇಣುಕೆಯ ಕಥೆಯನ್ನು ಇಲ್ಲಿ ಮತ್ತೆ ನೆನೆಯಬೇಕಾಗುತ್ತದೆ. ನೀರಿನಲ್ಲಿ ಆಡುತ್ತಿದ್ದವರನ್ನು ರೇಣುಕೆ ಕಂಡಳು, ಅವಳ ಮನಸ್ಸು ಒಂದು ಕ್ಷಣ ಅಲುಗಿತು, ಮರಳಿನ ಕೊಡ ಕಟ್ಟಲಿಲ್ಲ, ತಲೆ ಹೋಯಿತು. ಸಂಗ್ಯಾ ಜಾತ್ರೆಯಲ್ಲಿ ಗಂಗಿಯನ್ನು ಕಂಡ. ಅಲ್ಲಿಂದ ಕಥೆ ಬೆಳೆಯಿತು. ಎರಡರಲ್ಲಿಯೂ ಕಣ್ಣೋಟವೇ ಅಪರಾಧದ ಬೀಜ. ಆದರೆ ಹೆಣ್ಣಿನ ನೋಟಕ್ಕೆ ಒಂದು ಕ್ಷಣದಲ್ಲಿಯೇ ಶಿಕ್ಷೆ. ಗಂಡಿನ ನೋಟಕ್ಕೆ ರಾತ್ರಿಯಿಡೀ ಆಡುವಷ್ಟು ಅವಕಾಶ. ಆದರೂ ಸವದತ್ತಿಯ ಪರಂಪರೆ ರೇಣುಕೆಯನ್ನು ಮರಳಿ ಪಡೆದು, ಅವಳ ನೋವನ್ನು ವರ್ಷಚಕ್ರದ ಹುಣ್ಣಿಮೆಗಳಲ್ಲಿ ನೆಲೆಗೊಳಿಸಿತು. ಗಂಗಿಗೆ ಅಂಥ ಹುಣ್ಣಿಮೆಯೊಂದು ಒದಗಲಿಲ್ಲ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ವಾದ ಹೂಡುವ ಹರದೇಶಿ-ನಾಗೇಶಿ ಹಾಡಿಕೆ ಇದೇ ಸೀಮೆಯಲ್ಲಿ ಬೆಳೆದಿರುವಾಗ, ಗಂಗಿಯ ಪಕ್ಷದ ವಾದವನ್ನು ನಾಗೇಶಿಯ ನೆಲೆಯಿಂದ ಕಟ್ಟಿಕೊಳ್ಳುವ ಸಾಧ್ಯತೆ ಪರಂಪರೆಯೊಳಗೇ ಇದೆ.

7

ಒಟ್ಟಿನಲ್ಲಿ 'ಸಂಗ್ಯಾಬಾಳ್ಯಾ'ದ ಆಕರ್ಷಣೆಯನ್ನು ಮೂರು ನೆಲೆಗಳಲ್ಲಿ ಗುರುತಿಸಬಹುದು. ಮೊದಲನೆಯದು, ಜೋಕುಮಾರ, ರಾಯಣ್ಣ, ದೊಡ್ಡಾಟದ ವೀರ ಇವರ ಮೂಲಕ ಜನರಿಗೆ ಪರಿಚಿತವಾಗಿದ್ದ ನಾಯಕನ ಮಾದರಿಯಿಂದ ವೇಷ, ದೈವತ್ವ, ಘನ ಉದ್ದೇಶಗಳನ್ನು ಅದು ಕಳಚುತ್ತದೆ. ಎರಡನೆಯದು, ಕೊಲೆಗಾರನ ಪತ್ತೆಗಿಂತ ಒಳಗಿನವನ ದ್ರೋಹವನ್ನು ಅದು ಕೇಂದ್ರವಾಗಿಸುತ್ತದೆ. ಈ ಮೂಲಕ ಸೀಮೆಯ ರಾಜಕೀಯ ಸ್ಮೃತಿಯನ್ನು ಪೇಟೆಯ ಬದುಕಿಗೆ ತಾಗಿಸುತ್ತದೆ. ಮೂರನೆಯದು, ಎಲ್ಲವನ್ನೂ ಬಲ್ಲ ಪ್ರೇಕ್ಷಕನನ್ನು ತಡೆಯಲಾರದ ಸಾಕ್ಷಿಯ ಸ್ಥಾನದಲ್ಲಿ ಕೂರಿಸುತ್ತದೆ. ಇವುಗಳಲ್ಲಿ ಮೊದಲ ಎರಡು ಲಕ್ಷಣಗಳು ಸಾಗರದಾಚೆಯ ಗ್ರಾಫಿಕ್ ಕಾದಂಬರಿಯಲ್ಲಿಯೂ ಕಾಣುತ್ತವೆ. ಮೂರನೆಯದು ಬಯಲಾಟದ ಸ್ವಂತ ಸಂಪತ್ತು.

ಅಮೆರಿಕದ ಚಿತ್ರಕಥೆ 1980ರ ದಶಕದಲ್ಲಿ ಕಂಡುಕೊಂಡ ವಯಸ್ಕತನವನ್ನು ಬೈಲಹೊಂಗಲದ ಬಯಲು ಅದಕ್ಕೂ ಒಂದು ಶತಮಾನ ಮೊದಲೇ ಕಂಡುಕೊಂಡಿತ್ತು. ಅದನ್ನು ಹೆಮ್ಮೆಯ ಮಾತಾಗಿಸಿ ಸುಮ್ಮನಾಗುವುದಕ್ಕಿಂತ, ಸಣ್ಣಾಟಗಳನ್ನು ಶೃಂಗಾರದ ಕಿರುಪ್ರಕಾರವೆಂದು ಬದಿಗಿರಿಸುವ ಓದಿನ ಕ್ರಮವನ್ನು ತಿದ್ದಿಕೊಳ್ಳುವುದು ಅಗತ್ಯ. ಫ್ಲೀಟ್ ಸಂಗ್ರಹಿಸಿದ ಲಾವಣಿ, ಸಣ್ಣಾಟದ ಮುದ್ರಿತ ಪಾಠಗಳು, ಮೇಳಗಳ ಬಾಯಿಪಾಠ ಇವುಗಳನ್ನು ಸಾಲಾಗಿ ಇರಿಸಿಕೊಂಡು, ಬಾಳ್ಯಾನ ದ್ರೋಹವನ್ನೂ ಗಂಗಿಯ ಮಾತನ್ನೂ ಪ್ರತಿಯೊಂದು ಪಾಠ ಹೇಗೆ ನಿರ್ವಹಿಸಿದೆ ಎಂಬುದನ್ನು ಹೋಲಿಸುವ ಕಾರ್ಯ ಕೈಗೊಳ್ಳಬೇಕಾಗಿದೆ. ಗಂಗಿಯ ಪಾತ್ರ ವಹಿಸಿದ ಕಲಾವಿದೆಯರು ಆ ಪಾತ್ರವನ್ನು ಹೇಗೆ ಗ್ರಹಿಸಿದ್ದಾರೆಂಬುದನ್ನು ಅವರ ಬಾಯಿಂದಲೇ ದಾಖಲಿಸುವುದು ಅದರಷ್ಟೇ ತುರ್ತಿನ ಕೆಲಸ. ಆಟ ಅರ್ಧಕ್ಕೆ ಬಿಟ್ಟ ಮಾತು ಆಡಿದವರ ನೆನಪಿನಲ್ಲಿಯೇ ಮುಂದುವರಿದಿರುವುದು ಸಾಧ್ಯ.